ಸಮುದ್ರಕ್ಕೊಂದು ಜಾಕೀಟು

ಚನ್ನಬಸಮ್ಮ ರೊಟ್ಟಿ ಬಡಿಯುತ್ತಿರುವಾಗ ಅವಳ ಮುಂದೆ ಯಾರೂ ದೊಡ್ಡ ಸುದ್ದಿ ಎತ್ತುವುದಿಲ್ಲ. ಕೈ ಹಿಟ್ಟಿನಲ್ಲಿರುವಾಗ ಅವಳ ಬಾಯಿಗೆ ಬೇರೆ ಕೆಲಸವಿರುವುದಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೊಸೆ ನಾಗಲಕ್ಷ್ಮಿ ಮದುವೆಯಾಗಿ ಬಂದಾಗಿನಿಂದ ಈ ಎಚ್ಚರಿಕೆ ಪಾಲಿಸಿಕೊಂಡು ಬಂದವಳು. ಅಂದು ಮಾತ್ರ ಖುಷಿಯಲ್ಲಿ ಮರೆತಳು.

“ಅತ್ತೀ, ಸಂಕ್ರಾಂತಿ ಆದ ಮ್ಯಾಲ ಹದಿನೈದು ದಿನ ನಾನು ಮನ್ಯಾಗ ಇರಂಗಿಲ್ರಿ.”

“ಯಾಕ, ತವರಿಗೆ ಹೊಂಟಿಯೇನು?”

“ಇಲ್ರಿ. ಸಮುದ್ರಕ್ಕ.”

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಅದಕ್ಕೂ ಬೈಸಿಕೊಂಡವಳು ನಾಗಲಕ್ಷ್ಮಿಯೇ.

ನಾಗಲಕ್ಷ್ಮಿ ಬಳ್ಳಾರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆಟದ ಟೀಚರು. ಆ ಕೆಲಸಕ್ಕೆ ಬೇಕಾದ ಓದನ್ನು ಮಂಗಳೂರಿನಲ್ಲಿ ಮಾಡಿದ್ದಳು. ಓದುವಾಗಲೇ ಅಲ್ಲಿ ಹಾಯಿದೋಣಿ ನಡೆಸುವುದನ್ನೂ ಕಲಿತಿದ್ದಳು. ಆಗ ಕಲಿಸಿದ ಶೈಲಜಾ ಮೇಡಂ ಈಗ ಆರು ಮಂದಿ ಹೆಂಗಸರನ್ನು ಕಟ್ಟಿಕೊಂಡು ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹಾಯಿದೋಣಿಯಲ್ಲಿ ಹೋಗಿ ಬರಬೇಕೆಂದು ಹೊರಟಿದ್ದರು. ದಸರಾ ರಜೆಯಲ್ಲಿ ನಾಗಲಕ್ಷ್ಮಿ ಅದರ ತಯಾರಿಗೆ ಹೋಗಿ ಬಂದಿದ್ದಳು. ಮನೆಯಲ್ಲಿ “ಟ್ರೇನಿಂಗು” ಎಂದಿದ್ದಳು. ಟೀಚರುಗಳು ಯಾವಾಗಲೂ ಯಾವುದೋ ಒಂದು ಟ್ರೇನಿಂಗಿನಲ್ಲಿ ಇರುವವರಾದ್ದರಿಂದ ಯಾರೂ ಹೆಚ್ಚು ಕೇಳಿರಲಿಲ್ಲ. ಈಗ ಆರು ಮಂದಿಯಲ್ಲಿ ಅವಳೂ ಒಬ್ಬಳೆಂದು ಗಟ್ಟಿಯಾಗಿತ್ತು.

ಊಟಕ್ಕೆ ಕೂತರೂ ಮಾತು ನಿಲ್ಲಲಿಲ್ಲ.

“ಆ ದೋಣಿಗೆ ಮೋಟರ್ ಇರಂಗಿಲ್ಲೇನು?” ಎಂದಳು ಚನ್ನಬಸಮ್ಮ.

“ಸಣ್ಣದು ಐತ್ರಿ. ದಂಡಿಗೆ ಬಂದಾಗ ಹಚ್ಚತಾರ. ಉಳಿದದ್ದೆಲ್ಲ ಗಾಳಿ ಮ್ಯಾಲ.”

“ಗಾಳಿ ಬೀಸಲಿಲ್ಲಂದ್ರ?”

“ಬೀಸೋತನಕ ಕಾಯಬೇಕ್ರಿ.”

“ಕೇಳಿದ್ರಿಲ್ಲೋ! ಸಮುದ್ರದಾಗ ಗಾಳಿ ಕಾಯ್ಕೊಂತ ಕುಂದ್ರಾಕ ಎರಡನೇ ಕ್ಲಾಸಿನ ಕೂಸನ್ನ ಬಿಟ್ಟು ಹೊಕ್ಕಾಳಂತ. ರಾಧಾಗ ಜಡಿ ಹಾಕೋರು ಯಾರು? ಬುತ್ತಿ ಕಟ್ಟೋರು ಯಾರು? ಕೆಳಗ ಕೆಲಸದೋರಿಗೆ ಚಾ ಯಾರು ಕಾಸಬೇಕು, ನನ್ನ ಮೊಣಕಾಲು ಕಾಸತಾವೇನು?”

“ಅಪ್ಪ ಏನಂತಾನ ಅದು,” ಎಂದ ನಾಗಲಕ್ಷ್ಮಿಯ ಗಂಡ ಹುಲುಗೇಶ. ಅವನಿಗೆ ಹೆಂಡತಿ ಹೋಗಲಿ ಎಂದೂ ಇತ್ತು, ಹೋಗದಿರಲಿ ಎಂದೂ ಇತ್ತು. ಯಾವುದನ್ನು ಹೇಳಿದರೂ ಒಬ್ಬರ ಹತ್ತಿರ ಬೈಸಿಕೊಳ್ಳಬೇಕಾಗುತ್ತಿತ್ತು.

ಅಪ್ಪ ಎಂದರೆ ಓಬಳೇಶಪ್ಪ. ಕೌಲ್ ಬಜಾರಿನ ಆ ಮನೆಯ ಕೆಳಗೆ ಜೀನ್ಸ್ ಹೊಲಿಯುವ ಮಶೀನುಗಳು, ಮೇಲೆ ಸಂಸಾರ. ಆ ಓಣಿಯಲ್ಲಿ ಮೊದಲು ಜೀನ್ಸ್ ಪ್ಯಾಂಟು ಹೊಲಿದವನು ತಾನೇ ಎಂದು ಅವನು ಹೇಳುತ್ತಾನೆ. ಹಾಗೆ ಹೇಳುವವರು ಆ ಓಣಿಯಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಕಣ್ಣು ಮಂಜಾದ ಮೇಲೆ ಮಶೀನು ಬಿಟ್ಟು ಕಾರಖಾನೆಯನ್ನು ಮಗನಿಗೆ ಒಪ್ಪಿಸಿದ್ದ. ಮನೆಯ ತೀರ್ಮಾನಗಳನ್ನು ಮಾತ್ರ ಯಾರಿಗೂ ಒಪ್ಪಿಸಿರಲಿಲ್ಲ.

ಅವನು ಅನ್ನಕ್ಕೆ ಬೇಳೆಯ ಪಪ್ಪು ಕಲಸಿಕೊಳ್ಳುತ್ತಿದ್ದ. ಹೆಂಡತಿಯ ಮಾತಿಗೇ ತಲೆಯಾಡಿಸುತ್ತಾನೆಂದು ಎಲ್ಲರೂ ಅಂದುಕೊಂಡರು.

“ಅಲ್ಲಿ ಏನು ಹಾಕ್ಕೊಂತಾರ?” ಎಂದು ಕೇಳಿದ.

“ಗಾಳಿಗೆ ಚಳಿ ಬಾಳ ಇರತೈತ್ರಿ ಮಾವ. ದಪ್ಪಾನ ಜಾಕೀಟು ಬೇಕಾಗತೈತಿ.”

ಓಬಳೇಶಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಜೀನ್ಸ್ ಅಂದ್ರ ಮೊದಲಿಗೆ ಹಡಗಿನೋರ ಬಟ್ಟಿ. ಗೊತ್ತೇನು ನಿಮಗ? ಬಟ್ಟಿ ತರತಿದ್ದ ಬಾಂಬೆ ಸೇಟು ನನಗ ಹೇಳಿದ್ದ. ಇಷ್ಟು ವರ್ಷ ಹೊಲದೀನಿ, ನನ್ನ ಕೈಯಾಗಿನ ಒಂದು ಪೀಸೂ ಹಡಗು ಹತ್ತಿಲ್ಲ.” ಹೆಂಡತಿಯ ಕಡೆ ತಿರುಗಿ, “ಹೋಗಲಿ. ಜಾಕೀಟು ನಾನು ಹೊಲಿತೀನಿ,” ಎಂದ.

ಒಪ್ಪಿಗೆ ಮೊದಲು ಬಂತೋ ಜಾಕೀಟು ಮೊದಲು ಬಂತೋ ಯಾರಿಗೂ ಹೇಳಲಾಗಲಿಲ್ಲ. ಚನ್ನಬಸಮ್ಮ ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ಎತ್ತಿಟ್ಟಳು.

ಮರುದಿನ ಮಧ್ಯಾಹ್ನ ಶೈಲಜಾ ಮೇಡಂ ಫೋನು ಬಂತು. ಮೆತ್ತನೆಯ ಚೀಲ ಒಂದೇ, ಹತ್ತು ಕಿಲೋ ಮೀರಬಾರದು, ಸೂಟ್‌ಕೇಸು ತರಲೇಬಾರದು. “ಹತ್ತಿ ಬಟ್ಟೆ ಕಮ್ಮಿ ಮಾಡು. ಜೀನ್ಸ್ ಅಂತೂ ಬೇಡವೇ ಬೇಡ ಮಾರಾಯ್ತಿ. ಒದ್ದೆ ಆದ್ರೆ ಒಣಗುದಿಲ್ಲ, ಮಣ ಭಾರ. ನೀರಿಗೆ ಬಿದ್ರೆ ನಿನ್ನನ್ನೇ ಎಳ್ಕೊಂಡು ಹೋಗ್ತದೆ. ಮಳೆ ಗಾಳಿಗೆ ಹಾಕುವ ಸೂಟು ನಾನೇ ಕಳಿಸ್ತೇನೆ, ಶಾಲೆ ವಿಳಾಸ ಕೊಡು.”

ನಾಗಲಕ್ಷ್ಮಿ ಸಂಜೆ ಮನೆಗೆ ಬಂದವಳೇ ಮಾವನಿಗೆ ಹೇಳಿಬಿಡೋಣವೆಂದು ಕಾರಖಾನೆಗೆ ಇಳಿದಳು. ಓಬಳೇಶಪ್ಪ ಉದ್ದನೆಯ ಮೇಜಿನ ಮೇಲೆ ಕಡುನೀಲಿ ಬಟ್ಟೆ ಹಾಸಿಕೊಂಡು ಅಂಗೈಯಿಂದ ಸವರುತ್ತಿದ್ದ.

“ನೋಡು, ಹದಿನಾಕು ಔನ್ಸಿಂದು. ಇದಕ್ಕಿಂತ ದಪ್ಪಾನ ಬಟ್ಟಿ ಈ ಊರಾಗ ಸಿಗಂಗಿಲ್ಲ. ಗಾಳಿ ಒಳಗ ಬರಲಿ ನೋಡೋಣು.”

“ಮಾವ, ಅದು…”

“ಅಳತಿಗೆ ನಿನ್ನ ಸಾಲಿ ಟ್ರ್ಯಾಕ್‌ಸೂಟಿನ ಅಂಗಿ ಕೊಡು.”

ಸೊಸೆಯ ಮೈಮೇಲೆ ಟೇಪು ಇಡುವವನಲ್ಲ ಅವನು. ನಾಗಲಕ್ಷ್ಮಿ ಮೇಲೆ ಹೋಗಿ ಅಂಗಿ ತಂದುಕೊಟ್ಟಳು. ಹೇಳಬೇಕಾದ ಮಾತು ಅಲ್ಲೇ ಉಳಿಯಿತು.

ಸುಳ್ಳು ಹೇಳಬಾರದೆಂದು ಅವಳೇ ದಿನಾ ಮಕ್ಕಳಿಗೆ ಹೇಳುವವಳು. ಇದು ಸುಳ್ಳಲ್ಲ, ಬರೀ ಹೇಳದೆ ಇರುವುದು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಹೆದರಿದವರೆಲ್ಲ ಮಾಡಿಕೊಳ್ಳುವ ಸಮಾಧಾನ ಅದೇ. ಜಾಕೀಟು ಹೋದರೆ ಮಾವನ ಒಪ್ಪಿಗೆಯೂ ಹೋಗುತ್ತದೆ, ಅದು ಹೋದರೆ ಸಮುದ್ರವೂ ಹೋಗುತ್ತದೆ ಎಂಬುದು ಅವಳ ಹೆದರಿಕೆ. ಶೈಲಜಾ ಮೇಡಂ ಇಂಥ ತಂಡವನ್ನು ಮತ್ತೆ ಯಾವಾಗ ಕಟ್ಟುತ್ತಾರೋ, ಆಗ ತನ್ನನ್ನು ಕರೆಯುತ್ತಾರೋ ಇಲ್ಲವೋ.

ಕೆಳಗೆ ಸಂಕ್ರಾಂತಿಯ ಆರ್ಡರು ಏರಿ ಕೂತಿತ್ತು. ದಪ್ಪ ಬಟ್ಟೆ ಹೊಲಿಯುವ ಮಶೀನು ಇದ್ದದ್ದು ಒಂದೇ. ಅದರ ಮುಂದೆ ಈಗ ಓಬಳೇಶಪ್ಪ.

“ಅಪ್ಪಾ, ಆ ಮಶೀನು ಬೇಕು ನನಗ. ಮಾಲು ನಿಂತೈತಿ.”

“ನಿನ್ನ ಮಾಲು ಸಂತಿಗೆ ಹೋಗತೈತಿ. ನಂದು ಸಮುದ್ರಕ್ಕ ಹೋಗತೈತಿ.”

“ಒಂದು ಜಾಕೀಟು ಎಷ್ಟು ಸಲ ಬಿಚ್ಚತೀ?”

“ಸರಿ ಬರೋತನಕ.”

ಸೂಜಿಗೆ ದಾರ ಪೋಣಿಸಲು ಅವನು ಕೆಲಸದವರನ್ನು ಕರೆಯಬೇಕಿತ್ತು. ಹೊಲಿಗೆ ಸೊಟ್ಟಾದರೆ ತಾನೇ ಬಿಚ್ಚಿ ಮತ್ತೆ ಹಾಕುತ್ತಿದ್ದ. ಒಳಗೆ ಕಿಸೆ, ಹೊರಗೆ ಕಿಸೆ, ತೋಳಿನ ಮೇಲೊಂದು ಕಿಸೆ. ಹಿತ್ತಾಳೆಯ ಗುಂಡಿಗಳನ್ನು ಬ್ರೂಸ್‌ಪೇಟೆಯಲ್ಲಿ ತಾನೇ ಹುಡುಕಿ ತಂದ. ಚಹಾದ ಅಂಗಡಿಯಲ್ಲಿ, “ನಮ್ಮ ಸೊಸಿ ಸಮುದ್ರಕ್ಕ ಹೊಂಟಾಳ, ನನ್ನ ಜಾಕೀಟು ಹಾಕ್ಕೊಂಡು,” ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಓಣಿಯ ಜನ ಬಂದು ನೋಡಿ ಹೋಗತೊಡಗಿದರು. ಹೀಗಾಗಿ ನಿನ್ನೆ ಹೇಳಬಹುದಾಗಿದ್ದ ಮಾತು ನಾಗಲಕ್ಷ್ಮಿಗೆ ಇವತ್ತು ಇನ್ನಷ್ಟು ಕಷ್ಟವಾಗುತ್ತ ಹೋಯಿತು.

ಒಂದು ಭಾನುವಾರ ಅವಳು ಸಿರುಗುಪ್ಪದ ಬಸ್ಸು ಹತ್ತಿ ದೇಶನೂರಿನ ತವರಿಗೆ ಹೋದಳು. ಭತ್ತದ ಕೊಯ್ಲು ಮುಗಿದು ಪಡಸಾಲೆಯ ತುಂಬ ಚೀಲಗಳಿದ್ದವು. ತಾಯಿ ಹುಲುಗಮ್ಮ ಚೀಲಗಳ ನಡುವೆಯೇ ತಾಟು ಇಟ್ಟು ಬಡಿಸಿದಳು. ಸಮುದ್ರದ ಬಗ್ಗೆ ಅವಳಿಗೆ ಏನೂ ಅನಿಸಲಿಲ್ಲ. “ನೀರಂದ್ರ ನಿನಗ ಮೊದಲಿಂದ ಹುಚ್ಚು. ಕಾಲುವಿಗೆ ಬಿದ್ದು, ಎತ್ತಾಕ ಬಂದೋರಿಗೆ ಬೈದು, ನೀನೇ ಎದ್ದು ಬಂದಾಕಿ,” ಎಂದಳು. ಜಾಕೀಟಿನ ಕಥೆ ಕೇಳಿದ ಮೇಲೆ ಮಾತ್ರ ಬಡಿಸುವುದನ್ನು ನಿಲ್ಲಿಸಿದಳು.

“ಬಾಯಿ ಮುಚ್ಕೊಂಡಿರು. ಜಾಕೀಟು ಹಾಕ್ಕೊಂಡು ಬಸ್ಸು ಹತ್ತು. ಮಂಗಳೂರಾಗ ಯಾರದರ ಮನ್ಯಾಗ ಇಡು. ಬರುವಾಗ ಹಾಕ್ಕೊಂಡು ಬಾ. ಮುಗೀತು.”

“ಮೋಸ ಅಲ್ಲೇನವ್ವಾ?”

“ಸಂಸಾರದಾಗ ಇದಕ್ಕ ಮೋಸ ಅನ್ನಂಗಿಲ್ಲ.”

ಹೊರಡುವಾಗ ಹೊಸ ಅಕ್ಕಿಯ ಚೀಲವೊಂದನ್ನು ಕೈಗಿಟ್ಟಳು.

“ದೋಣಿಗೆ ಹತ್ತು ಕಿಲೋನೇ ಒಯ್ಯಬೇಕವ್ವಾ.”

“ಇದು ಹತ್ತು ಕಿಲೋನೇ ಐತಿ, ಸರಿ ಆತಲ್ಲ,” ಎಂದಳು ಹುಲುಗಮ್ಮ.

ಅದೇ ವಾರ ಓಬಳೇಶಪ್ಪ ಕುರುಗೋಡಿಗೆ ಹೋದ. ಅಲ್ಲಿಗೆ ಕೊಟ್ಟ ಮಗಳು ಸರೋಜಾ ಆ ಹದಿನೈದು ದಿನ ಬಂದು ಮನೆ ನೋಡಿಕೊಳ್ಳಬೇಕಿತ್ತು. ಅಳಿಯನನ್ನು ಕೇಳುವುದು ಕೆಲಸ. ಆದರೆ ಚೀಲದಿಂದ ಮೊದಲು ಹೊರಬಂದದ್ದು ಅರ್ಧ ಮುಗಿದ ಜಾಕೀಟು. ಬೀಗರೆಲ್ಲ ಮುಟ್ಟಿ ನೋಡಿದರು. ಹೊಗಳಿ ಹೊಗಳಿ ಸಾಕಾದ ಅಳಿಯ, “ಕರಕೊಂಡು ಹೋಗ್ರಿ ಮಾವ,” ಎಂದ. ಮನೆಯ ರೂಢಿ ತಿಳಿದುಕೊಳ್ಳಲೆಂದು ಸರೋಜಾ ಸಂಕ್ರಾಂತಿಗೆ ಮೊದಲೇ ಬಂದಳು.

ಬಂದ ಎರಡನೇ ದಿನ ಅನ್ನಕ್ಕಿಡಲು ಅಕ್ಕಿಯ ಡ್ರಮ್ಮಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಅಕ್ಕಿಯಲ್ಲ.

“ಯವ್ವಾ, ಡ್ರಮ್ಮಿನ್ಯಾಗ ಏನೋ ಐತಿ ಬೇ. ಪ್ಲಾಸ್ಟಿಕ್ಕಿನಂಗ ಐತಿ.”

ಎಳೆದರೆ ಕಿತ್ತಳೆ ಬಣ್ಣದ ದೊಡ್ಡ ಅಂಗಿ, ಅದರ ಹಿಂದೆ ಅದೇ ಬಣ್ಣದ ಪ್ಯಾಂಟು. ಶೈಲಜಾ ಮೇಡಂ ಕಳಿಸಿದ ಸೂಟು. ಚೀಲದಲ್ಲಿ ಹಿಡಿಸುತ್ತದೋ ಇಲ್ಲವೋ ನೋಡಲು ನಾಗಲಕ್ಷ್ಮಿ ಅದನ್ನು ಶಾಲೆಯಿಂದ ತಂದಿದ್ದಳು. ತವರಿನ ಅಕ್ಕಿ ಬಂದು ಡ್ರಮ್ಮು ತುಂಬಿದೆ, ಯಾರೂ ತಳ ಮುಟ್ಟುವುದಿಲ್ಲ ಎಂದುಕೊಂಡಿದ್ದಳು. ಸರೋಜಾ ಹಳೆಯ ಅಕ್ಕಿಯೇ ಬೇಕೆಂದು ಕೆದಕಿದ್ದಳು.

ಅತ್ತೆ ನಾದಿನಿ ಇಬ್ಬರ ಮುಂದೆ ನಿಂತು ನಾಗಲಕ್ಷ್ಮಿ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದಾಗ ಹಗುರವೆನಿಸಿತು. ಆದರೆ ಹೇಳಬೇಕಾದವನಿಗೆ ಹೇಳಿರಲಿಲ್ಲ.

“ಈಗಲೇ ಅಪ್ಪಗ ಹೇಳೋಣು ಬೇ, ಪಾಪ,” ಎಂದಳು ಸರೋಜಾ.

“ಯಾರೂ ಏನೂ ಹೇಳಬ್ಯಾಡ್ರಿ. ಜಾಕೀಟು ಮುಗೀಲಿ,” ಎಂದಳು ಚನ್ನಬಸಮ್ಮ.

ಮುಗಿದ ಮೇಲೆ ಸಿಟ್ಟು ಹೆಚ್ಚು ಬರುತ್ತದೆ, ಆ ಸಿಟ್ಟಿನಲ್ಲಿ ಗಂಡ ತಾನಾಗಿಯೇ ಬೇಡವೆನ್ನುತ್ತಾನೆ ಎಂಬುದು ಅವಳ ಲೆಕ್ಕ. ಅವಳು ಕೆಟ್ಟವಳಲ್ಲ. ಮನೆಯ ಹೆಣ್ಣುಮಗಳು ಸಮುದ್ರದ ನಡುವೆ ಇರುವುದನ್ನು ನೆನೆಸಿಕೊಂಡರೆ ಅವಳಿಗೆ ಭಯವಾಗುತ್ತಿತ್ತು. ಅದನ್ನು ಹೇಳಲು ಬಾರದೆ ಜಡೆ, ಬುತ್ತಿ, ಮೊಣಕಾಲು ಎನ್ನುತ್ತಿದ್ದಳು.

ಸಂಕ್ರಾಂತಿಯ ಮರುದಿನ ಜಾಕೀಟು ಮುಗಿಯಿತು. ಎಲ್ಲರೂ ಊಟಕ್ಕೆ ಕೂತಾಗ ಓಬಳೇಶಪ್ಪ ಅದನ್ನು ತಂದು ತಟ್ಟೆಗಳ ಮುಂದೆ ಚಾಪೆಯ ಮೇಲೆ ಹಾಸಿದ. ನಿಜಕ್ಕೂ ಚೆನ್ನಾಗಿತ್ತು. ಹುಲುಗೇಶ ಕೂಡ ಹೊಲಿಗೆಯನ್ನು ಬಗ್ಗಿ ನೋಡಿದ.

ಚನ್ನಬಸಮ್ಮ ಪುಂಡಿಪಲ್ಯ ಬಡಿಸುತ್ತ, “ಚಂದ ಆಗೈತಿ. ಆದ್ರ ಆಕಿ ಅದನ್ನ ಹಾಕ್ಕೊಳಂಗಿಲ್ಲ,” ಎಂದಳು.

“ಅಂದ್ರ?”

“ಆ ದೋಣ್ಯಾಗ ಜೀನ್ಸಿನ ಬಟ್ಟಿ ಬರಬಾರದಂತ. ತೋದ್ರ ಭಾರ ಆಗಿ ಮುಳುಗಸತೈತಂತ. ನಿಮ್ಮ ಸೊಸಿ ಬ್ಯಾರೆ ತಂದು ಅಕ್ಕಿ ಡ್ರಮ್ಮಿನ್ಯಾಗ ಇಟ್ಟಾಳ.”

ಓಬಳೇಶಪ್ಪ ಸೊಸೆಯ ಕಡೆ ನೋಡಿದ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಎದ್ದು ಕೈ ತೊಳೆದು, ಜಾಕೀಟು ಎತ್ತಿಕೊಂಡು ಹಿತ್ತಲಿಗೆ ಹೋದ. ತೊಟ್ಟಿಯ ನೀರಿನ ಸದ್ದು ಒಳಗಿನವರಿಗೆ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ನೆಲವೆಲ್ಲ ತೋಯಿಸುತ್ತ ಬಂದ.

“ಹಿಡಿ,” ಎಂದು ಮಗನ ಕಡೆ ಚಾಚಿದ.

ಹುಲುಗೇಶ ಒಂದು ಕೈಯಲ್ಲಿ ಹಿಡಿದ. ಕೈ ಜಗ್ಗಿತು, ಇನ್ನೊಂದು ಕೈ ಕೊಟ್ಟ.

“ಖರೆ ಐತಿ,” ಎಂದ ಓಬಳೇಶಪ್ಪ. “ಒಂದು ಕೊಡ ನೀರು ಕುಡದೈತಿ.” ಆಮೇಲೆ ಸೊಸೆಯನ್ನು ಕೇಳಿದ: “ನಿನಗ ಯಾವಾಗ ಗೊತ್ತಾತು?”

“ನೀವು ಹೋಗಲಿ ಅಂದ್ರಲ್ರಿ, ಅದರ ಮರುದಿನ.”

“ಅಂದ್ರ ನಾನು ಬಟ್ಟಿ ಕತ್ತರಸೋಕಿಂತ ಮೊದಲ.”

“ಹೌದ್ರಿ.”

“ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಹೋಗಾಕ ಬಿಡಂಗಿಲ್ಲ ಅಂತ ಹೆದರಿಕಿ ಆತ್ರಿ ಮಾವ.”

“ಜಾಕೀಟಿನ ಸಲುವಾಗಿ ಒಪ್ಪಿದ ಮುದುಕ ಅಂತ ತಿಳಕೊಂಡಿ.”

ಅವಳು ತಿಳಿದುಕೊಂಡದ್ದರಲ್ಲಿ ಸ್ವಲ್ಪ ನಿಜವೂ ಇತ್ತು. ಅದು ಓಬಳೇಶಪ್ಪನಿಗೂ ಗೊತ್ತಿತ್ತು. ಅದಕ್ಕೇ ಅವನಿಗೆ ಅಷ್ಟು ನೋವಾಯಿತು. ಚನ್ನಬಸಮ್ಮ ಕೂಗಾಟಕ್ಕೆ ಕಾಯುತ್ತಿದ್ದಳು. ಅದು ಬರಲಿಲ್ಲ. ಅವನು ಒದ್ದೆ ಜಾಕೀಟನ್ನು ಮಗನ ಕೈಯಲ್ಲೇ ಬಿಟ್ಟು ಹೋಗಿ ಮಲಗಿದ.

ಅಂದಿನಿಂದ ಓಬಳೇಶಪ್ಪ ಹೋಗು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟ. ಯಾರಾದರೂ ಮನೆಗೇ ಬಂದು ಕೇಳಿದರೆ “ನಡದೈತಿ” ಎನ್ನುತ್ತಿದ್ದ. ಜಾಕೀಟು ಮಾಳಿಗೆಯ ತಂತಿಯ ಮೇಲೆ ಒಣಗದೆ ನೇತಾಡಿತು.

ನಾಗಲಕ್ಷ್ಮಿ ಒಂದು ಬೆಳಿಗ್ಗೆ ಅವನ ಮುಂದೆ ಹೋಗಿ ನಿಂತಳು. “ಮಾವ, ನೀವು ಬ್ಯಾಡ ಅಂದ್ರ ನಾ ಹೋಗಂಗಿಲ್ಲ. ಮೇಡಂಗೆ ಈಗಲೇ ಫೋನ್ ಮಾಡಿ ಹೇಳ್ತೀನ್ರಿ.”

ಅವನು ಪೇಪರಿನ ಹಾಳೆ ತಿರುಗಿಸಿದ.

“ಅಪ್ಪ ಏನಂದ?” ಎಂದ ಒಳಗಿದ್ದ ಹುಲುಗೇಶ.

“ಏನೂ ಅನ್ನಲಿಲ್ಲ. ನೀವೇನಂತೀರಿ?”

ಮದುವೆಯಾದ ಮೇಲೆ ಈ ಪ್ರಶ್ನೆ ಅವನಿಗೆ ನೇರವಾಗಿ ಬಂದದ್ದು ಕಡಿಮೆ. ಅವನು ಅಂಗಿಯ ಗುಂಡಿ ಹಾಕಿಕೊಂಡ, ಬಿಚ್ಚಿದ, ಮತ್ತೆ ಹಾಕಿಕೊಂಡ.

“ಬಸ್ಸಿನ ಟಿಕೆಟ್ ತೆಗಿಸೀನಿ,” ಎಂದ.

“ಯಾವಾಗ?”

“ನಿನ್ನೆ. ಕಿಡಕಿ ಬಾಜುದು.”

ಚನ್ನಬಸಮ್ಮನಿಗೆ ತಾನು ಗೆದ್ದೆನೋ ಸೋತೆನೋ ತಿಳಿಯದಾಯಿತು. ಗಂಡನ ಊಟ ಒಂದು ರೊಟ್ಟಿಗೆ ಇಳಿದಿತ್ತು. ಅವನ ಮಾತಿಲ್ಲದ ಮನೆ ಅವಳಿಗೆ ರೂಢಿಯಿರಲಿಲ್ಲ. ಆ ಬೇಸರವನ್ನೂ ಸೊಸೆಯ ಮೇಲೆ ತೀರಿಸಲು ಹೋದಳು.

“ಮೊದಲ ದಿನಾನ ಒಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?”

“ನಿಮಗ ಗೊತ್ತಾದ ದಿನ ನೀವೂ ಹೇಳಬಹುದಿತ್ತಲ್ರಿ ಅತ್ತೀ?”

ಚನ್ನಬಸಮ್ಮ ಖಾಲಿ ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಸರೋಜಾ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ತನ್ನ ಅವ್ವ ಮಾತಿನಲ್ಲಿ ಸೋತದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಹೊರಡುವ ಹಿಂದಿನ ದಿನ ಕಾರಖಾನೆಯ ತೂಕದ ಕೊಕ್ಕೆಗೆ ಚೀಲ ಸಿಕ್ಕಿಸಿ ನೋಡಿದರು. ಮುಳ್ಳು ಹತ್ತನ್ನು ದಾಟಿತ್ತು. ಪುಟ್ಟ ರಾಧಾ ಮುಳ್ಳು ಓದುವ ಕೆಲಸ ವಹಿಸಿಕೊಂಡಿದ್ದಳು. ನಾಗಲಕ್ಷ್ಮಿ ಶೇಂಗಾ ಪುಡಿಯ ಪೊಟ್ಟಣ ತೆಗೆಯಲು ಹೋದಾಗ ಚನ್ನಬಸಮ್ಮ ಅವಳ ಕೈ ಹಿಡಿದಳು.

“ಅದನ್ಯಾಕ ತೆಗಿತಿ? ಈ ಟಾವೆಲ್ ತೆಗಿ. ಮೈ ಒರಸದಿದ್ರ ಯಾರೂ ಸಾಯಂಗಿಲ್ಲ.”

“ಅಲ್ಲಿ ಊಟ ಕೊಡತಾರ್ರಿ.”

“ಏನು ಕೊಡತಾರೋ, ಬ್ರೆಡ್ಡು ಬಿಸ್ಕೀಟು. ಗುರೆಳ್ಳು ಪುಡೀನೂ ಇಟ್ಟೀನಿ. ಉಳಿದ ಐದು ಮಂದಿಗೂ ಕೊಡು.” ಟಾವೆಲ್ ಹೊರಗೆ ತೆಗೆದಿಡುತ್ತ ತಲೆ ಬಗ್ಗಿಸಿಕೊಂಡೇ ಕೇಳಿದಳು: “ದೋಣಿಗೆ ಸುತ್ತಲ ಹಿಡಕೊಳಾಕ ಏನರ ಇರತೈತಿಲ್ಲೋ?”

“ಇರತೈತ್ರಿ. ಸೊಂಟಕ್ಕ ಹಗ್ಗಾನೂ ಕಟ್ಕೊಂಡಿರ್ತೀವ್ರಿ.”

“ಬಿಚ್ಚಬ್ಯಾಡ ಅದನ್ನ. ಮಲಗುವಾಗೂ ಬಿಚ್ಚಬ್ಯಾಡ.”

ಮರುದಿನ ಸಂಜೆಯ ಬಸ್ಸು. ಚನ್ನಬಸಮ್ಮ ಸೊಸೆಗೆ ಉಡಿ ತುಂಬಿದಳು. ಅಕ್ಕಿ ಒಂದು ಹಿಡಿ ಮಾತ್ರ, ಹೆಚ್ಚಾದರೆ ತೂಕ ಮೀರುತ್ತದೆಂದು ಅವಳೇ ಹೇಳಿದಳು. ರಾಧಾ ಅಮ್ಮನಿಗೆ ಶಂಖ ತರಲು ಹೇಳಿ, ಅಳಬೇಕೋ ಬೇಡವೋ ಎಂದು ಸೋದರತ್ತೆ ಸರೋಜಾಳ ಮುಖ ನೋಡಿದಳು. ಹುಲುಗೇಶ ಆಟೋ ತಂದ. ಓಬಳೇಶಪ್ಪ ಮಾತ್ರ ಕೆಳಗೆ ಕಾರಖಾನೆಯಲ್ಲಿ ಖಾಲಿ ಮಶೀನಿನ ಮುಂದೆ ಕೂತಿದ್ದ.

ನಾಗಲಕ್ಷ್ಮಿ ಹೋಗಿ ಕಾಲು ಮುಟ್ಟಿದಳು. “ಹೋಗಿ ಬರ್ತೀನ್ರಿ ಮಾವ.”

ಹೊರಗೆ ಆಟೋದವನು ಹಾರ್ನು ಹೊಡೆದ.

“ನಿನಗ ಬೈಯೋದು ಬಾಳ ಐತಿ,” ಎಂದ ಓಬಳೇಶಪ್ಪ.

“ಬೈರಿ ಮಾವ. ಬೈಸ್ಕೊಂಡೇ ಹೊಕ್ಕೀನಿ.”

“ಈಗ ಬೈಯಂಗಿಲ್ಲ. ಬೈಸ್ಕೊಂಡು ಹೋದ್ರ ಚಿತ್ತ ಇಲ್ಲೇ ಇರತೈತಿ, ಅಲ್ಲಿ ಕೈ ತಪ್ಪತೈತಿ. ತಿರುಗಿ ಬಂದು ಇಲ್ಲೇ, ಇದೇ ಜಾಗದಾಗ ನಿಂದ್ರು. ಆವಾಗ ಬೈತೀನಿ.”

“ಅಷ್ಟೊತ್ತಿಗೆ ನಿಮ್ಮ ಸಿಟ್ಟು ಇಳಿದಿರತೈತ್ರಿ.”

“ಇಳಿಯಾಕ ಬಿಡಂಗಿಲ್ಲ. ನೀ ಬರೋತನಕ ಕಾಯ್ಕೊಂಡಿರ್ತೀನಿ.”

ನಾಗಲಕ್ಷ್ಮಿಗೆ ಕಣ್ಣು ತುಂಬಿ ಬಂತು. ಮತ್ತೊಮ್ಮೆ ಹಾರ್ನು ಕೇಳಿಸಿತು. ಅವಳು ಸೆರಗ ತುದಿಯಿಂದ ಮುಖ ಒರೆಸಿಕೊಂಡು ಚೀಲ ಹೆಗಲಿಗೇರಿಸಿ ಹೊರಟಳು.

ಆಟೋ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದ ಚನ್ನಬಸಮ್ಮ, ಕಾರಖಾನೆಯೊಳಗೆ ಬಂದು ಗಂಡನ ಎದುರಿನ ಸ್ಟೂಲಿನ ಮೇಲೆ ಕೂತಳು.

“ಕಡೀಗಾದ್ರೂ ಆಕಿಗೆ ಹೋಗು ಅಂದ್ರಿಲ್ಲೋ?”

“ಇಲ್ಲ,” ಎಂದ ಓಬಳೇಶಪ್ಪ. “ಬಾ ಅಂದೆ.”